ಕೋಡ್ ಪುಕ್ಕಟೆ, ಉಪಾಯಕ್ಕೆ ಬಾಡಿಗೆ

2017ರಲ್ಲಿ ‘ಎಂಪಿ3 ಸತ್ತುಹೋಯಿತು’ ಅಂತ ಸುದ್ದಿ ಹರಿದಾಡಿತ್ತು, ನೆನಪಿದೆಯಾ? ಸತ್ತಿದ್ದು ಎಂಪಿ3 ಅಲ್ಲ, ಅದರ ಪೇಟೆಂಟ್. ಅವಧಿ ಮುಗಿದ ಮೇಲೆ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಏಪ್ರಿಲ್ 23ಕ್ಕೆ ಲೈಸೆನ್ಸ್ ವ್ಯವಹಾರ ನಿಲ್ಲಿಸಿತು. ಇನ್ನು ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು ಅಂತಾಯಿತು. ಬಿಡುಗಡೆಯಾಗಿದ್ದಕ್ಕೆ ಜನ ಶ್ರದ್ಧಾಂಜಲಿ ಬರೆದರು!

ಈ ಗೊಂದಲದ ಬೇರು ಒಂದೇ. ಸಾಫ್ಟ್‌ವೇರ್ ಲೈಸೆನ್ಸ್ ಬೇರೆ, ಪೇಟೆಂಟ್ ಲೈಸೆನ್ಸ್ ಬೇರೆ. ‘ಓಪನ್ ಸೋರ್ಸ್ ತಾನೇ, ಕೋಡ್ ಎಲ್ಲರಿಗೂ ತೆರೆದಿಟ್ಟಿದ್ದಾರಲ್ಲ, ಫ್ರೀ ಅಲ್ವಾ?’ ಅಂತ ಕೇಳುವವರಿಗೆ ಹೇಳಿ ಹೇಳಿ ಸಾಕಾಗಿದೆ. ಕಾಪಿರೈಟ್ ಇರುವುದು ಬರೆದ ಸಾಲುಗಳಿಗೆ, ಪೇಟೆಂಟ್ ಇರುವುದು ಅದರೊಳಗಿನ ಉಪಾಯಕ್ಕೆ. ವಿಡಿಯೊ ಹಿಂಡಿ ಚಿಕ್ಕದು ಮಾಡುವ ಎಕ್ಸ್264 ಅನ್ನುವ ಸಾಫ್ಟ್‌ವೇರ್ ಬರೆದವರು ಜಿಪಿಎಲ್ (ಇದನ್ನು ಸೇರಿಸಿಕೊಂಡು ಹಂಚುವವರೂ ತಮ್ಮ ಕೋಡ್ ತೆರೆದಿಡಬೇಕು ಅನ್ನುವ ಲೈಸೆನ್ಸ್) ಅಡಿಯಲ್ಲಿ ತಮ್ಮ ಕೋಡ್ ಕೊಟ್ಟುಬಿಟ್ಟಿದ್ದಾರೆ, ಸರಿ. ಆದರೆ ಅದು ಬಳಸುವ ಎಚ್.264 ಅನ್ನುವ ಹಿಂಡುವ ವಿಧಾನದ ಪೇಟೆಂಟ್ ಅವರ ಕೈಯಲ್ಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಇದರ ತಮಾಷೆ ನೋಡಬೇಕಾದರೆ ಅದೇ ವಿಧಾನಕ್ಕೆ ಸಿಸ್ಕೊ ಕಂಪನಿ ಬರೆದ ಓಪನ್‌ಎಚ್264 ಸಾಫ್ಟ್‌ವೇರ್ ನೋಡಿ. 2013ರಲ್ಲಿ ಅವರು ಕೋಡನ್ನೂ ತೆರೆದಿಡುತ್ತೇವೆ, ಪೇಟೆಂಟ್ ಶುಲ್ಕವನ್ನೂ ನಾವೇ ಕಟ್ಟುತ್ತೇವೆ ಅಂದರು. ಒಂದೇ ಷರತ್ತು: ಅವರು ಕಂಪೈಲ್ ಮಾಡಿಟ್ಟ (ಅಂದರೆ ಕೋಡನ್ನು ಕಂಪ್ಯೂಟರ್ ನೇರವಾಗಿ ಓಡಿಸುವ ರೂಪಕ್ಕೆ ತಂದಿಟ್ಟ) ಫೈಲನ್ನೇ ಅವರಿಂದಲೇ ಇಳಿಸಿಕೊಳ್ಳಬೇಕು. ಅದೇ ಕೋಡನ್ನು ನೀವೇ ಕಂಪೈಲ್ ಮಾಡಿ ಹಂಚಿದರೆ ಅವರು ಕಟ್ಟಿದ ಶುಲ್ಕ ನಿಮ್ಮನ್ನು ಕಾಯುವುದಿಲ್ಲ. ಫೈರ್‌ಫಾಕ್ಸ್ ಬ್ರೌಸರ್ ಇದನ್ನು ತನ್ನೊಳಗೆ ಸೇರಿಸಿಕೊಳ್ಳದೆ ಸಿಸ್ಕೊದಿಂದ ಬೇರೆಯಾಗಿ ಇಳಿಸಿಕೊಳ್ಳುವುದು ಇದಕ್ಕೇ.

ಹಾಗಾದರೆ ದುಡ್ಡು ಕೊಟ್ಟು ಎನ್‌ಕೋಡರ್ (ಎಕ್ಸ್264ನಂಥ ವಿಡಿಯೊ ಹಿಂಡುವ ಸಾಫ್ಟ್‌ವೇರ್) ಕೊಳ್ಳುವವರು ಕೊಳ್ಳುವುದೇನನ್ನು? ನನಗೆ ಅತಿ ಇಷ್ಟದ ವಿಷಯ ಇಲ್ಲಿದೆ. ಸೆಕೆಂಡಿಗೆ 30 ಚಿತ್ರಗಳ ಫುಲ್ ಎಚ್‌ಡಿ ವಿಡಿಯೊವನ್ನು ಇದ್ದಂತೆಯೇ ಕಳಿಸಿದರೆ ಸೆಕೆಂಡಿಗೆ ಸುಮಾರು 150 ಕೋಟಿ ಬಿಟ್ ಬೇಕು. ಸ್ಟ್ರೀಮಿಂಗ್‌ಗೆ ಅದನ್ನು 50 ಲಕ್ಷಕ್ಕೆ ಇಳಿಸಬೇಕು ಅಂದುಕೊಳ್ಳಿ. ಮುನ್ನೂರು ಪಟ್ಟು ಹಿಂಡಬೇಕು. ಅದಕ್ಕೆ ಎನ್‌ಕೋಡರ್ ಚಿತ್ರವನ್ನು ಚಿಕ್ಕ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕಕ್ಕೂ ‘ನೀನು ಹಿಂದಿನ ಚಿತ್ರದಲ್ಲಿ ಎಲ್ಲಿದ್ದೆ?’ ಅಂತ ಹುಡುಕುತ್ತದೆ. ಸಿಕ್ಕರೆ ಚೌಕ ಕಳಿಸುವುದಿಲ್ಲ, ‘ಎಡಕ್ಕೆ ಮೂರು ಹೆಜ್ಜೆ ಸರಿಸಿಕೋ’ ಅಂತ ಚೀಟಿ ಕಳಿಸುತ್ತದೆ, ಜೊತೆಗೆ ಉಳಿದ ಚೂರುಪಾರು ವ್ಯತ್ಯಾಸ. ಮಜಾ ಏನಂದರೆ, ಹೇಗೆ ಹುಡುಕಬೇಕು ಅಂತ ಎಚ್.264 ಸ್ಟ್ಯಾಂಡರ್ಡ್ ಹೇಳುವುದೇ ಇಲ್ಲ! ಚೀಟಿಯನ್ನು ಹೇಗೆ ಓದಬೇಕು ಅಂತ ಮಾತ್ರ ಹೇಳುತ್ತದೆ. ವ್ಯಾಕರಣ ಎಲ್ಲರಿಗೂ ಒಂದೇ, ಕವಿತೆ ಒಬ್ಬೊಬ್ಬರದು ಒಂದೊಂದು ಥರ ಇದ್ದಂತೆ. ಚದುರಂಗದ ನಿಯಮ ಗೊತ್ತಿರುವವನಿಗೂ ಪಂದ್ಯ ಗೆಲ್ಲುವವನಿಗೂ ಇರುವ ಅಂತರದಂತೆ. ಒಗಟು ಬಿಡಿಸುವುದು ಕಷ್ಟ, ಉತ್ತರ ಕೇಳಿದ ಮೇಲೆ ‘ಓ, ಇಷ್ಟೇನಾ’ ಅನ್ನುವುದು ಸುಲಭ, ಹಾಗೆ. (ಹೋಲಿಕೆ ಜಾಸ್ತಿ ಆಯಿತೇನೋ, ಇರಲಿ.) ಒಂದೇ ಫಾರ್ಮ್ಯಾಟ್, ಅಷ್ಟೇ ಬಿಟ್, ಆದರೂ ಒಂದು ಎನ್‌ಕೋಡರ್‌ನ ಚಿತ್ರ ಕನ್ನಡಿ, ಇನ್ನೊಂದರದ್ದು ಕಲಸುಮೇಲೋಗರ. ಮಾರಾಟವಾಗುವುದು ಈ ಹುಡುಕುವ ಜಾಣತನ. ಎಕ್ಸ್264 ಕೂಡ, ತಮ್ಮ ಕೋಡ್ ತೆರೆದಿಡಲು ಒಪ್ಪದ ಕಂಪನಿಗಳಿಗೆ ವಾಣಿಜ್ಯ ಲೈಸೆನ್ಸ್‌ನಲ್ಲಿ ಸಿಗುತ್ತದೆ.

2013ರಲ್ಲಿ ಎಚ್.264ರ ಮುಂದಿನ ತಲೆಮಾರಾಗಿ ಎಚ್‌ಇವಿಸಿ ಬಂತು. ಹಿಂಡುವುದರಲ್ಲಿ ಹಳೆಯದಕ್ಕಿಂತ ಎಷ್ಟೋ ಮೇಲು. ಆದರೆ ಎಚ್.264ಕ್ಕೆ ಬಹುಪಾಲು ಒಂದೇ ಕಡೆ ಪೇಟೆಂಟ್ ಲೈಸೆನ್ಸ್ ಸಿಗುತ್ತಿತ್ತು, ಇದಕ್ಕೆ ಎಂಪೆಗ್ ಎಲ್ಎ, ಎಚ್‌ಇವಿಸಿ ಅಡ್ವಾನ್ಸ್, 2017ರಲ್ಲಿ ವೆಲೋಸ್ ಮೀಡಿಯಾ ಅಂತ ಮೂರು ಬಾಗಿಲುಗಳಾದವು. ಮೂರನ್ನೂ ತಟ್ಟಿ ಬಂದರೂ ಎಲ್ಲಿಗೂ ಸೇರದ ಪೇಟೆಂಟ್‌ದಾರರು ಹೊರಗೆ ಉಳಿದೇ ಇದ್ದರು. ಮೂರನೇ ಬಾಗಿಲು ತೆರೆಯುವ ಮೊದಲೇ ಬೇಸತ್ತಿದ್ದ ಗೂಗಲ್, ನೆಟ್‌ಫ್ಲಿಕ್ಸ್, ಮೊಜಿಲ್ಲಾ ಮುಂತಾದವರು 2015ರಲ್ಲಿ ಒಕ್ಕೂಟ ಕಟ್ಟಿ, 2018ರಲ್ಲಿ ಬಾಡಿಗೆಯಿಲ್ಲದ ಎವಿ1 ಅನ್ನುವ ವಿಡಿಯೊ ಫಾರ್ಮ್ಯಾಟ್ ಹೊರತಂದರು.

ಮರುವರ್ಷವೇ ಸಿಸ್ವೆಲ್ ಅನ್ನುವ ಸಂಸ್ಥೆ ಎವಿ1ಕ್ಕೂ ಒಂದು ಪೇಟೆಂಟ್ ಪೂಲ್ (ಹಲವರ ಪೇಟೆಂಟ್ ಒಟ್ಟು ಸೇರಿಸಿ ಬಾಡಿಗೆ ಕೇಳುವ ಏರ್ಪಾಡು) ಘೋಷಿಸಿತು.