ಪದ ಪರಿಚಯ: ಉಪಶಮನ ಆರೈಕೆ

"ಇನ್ನು ನಮ್ಮ ಕೈಲಿ ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ." ಕ್ಯಾನ್ಸರ್ ವಾರ್ಡಿನ ಹೊರಗೆ ಈ ಮಾತು ಕೇಳಿಸಿಕೊಂಡ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ರೋಗ ವಾಸಿಯಾಗದಿದ್ದರೂ ಮಾಡುವುದು ಬಹಳ ಇದೆ ಎನ್ನುವುದೇ ಉಪಶಮನ ಆರೈಕೆ.

ಶಮನ ಎಂದರೆ ತಗ್ಗುವುದು, ತಣಿಯುವುದು. ನೋವು, ಏದುಸಿರು, ವಾಕರಿಕೆ, ನಿದ್ದೆಗೇಡು, ದಿಗಿಲು ಇವನ್ನೆಲ್ಲ ತಗ್ಗಿಸುವ ಚಿಕಿತ್ಸೆ ಇದು. ಕ್ಯಾನ್ಸರಿಗೆ ಮಾತ್ರವಲ್ಲ, ಹೃದಯ, ಕಿಡ್ನಿ, ಶ್ವಾಸಕೋಶ ಸೋತವರಿಗೂ ಬೇಕು. ಇಂಗ್ಲಿಷಿನ 'ಪ್ಯಾಲಿಯೇಟಿವ್' ಬಂದಿದ್ದು ಲ್ಯಾಟಿನ್ನಿನ 'ಪಾಲಿಯಮ್'ನಿಂದ, ಅಂದರೆ ಮೇಲುಹೊದಿಕೆ. ನನಗೆ ನಮ್ಮ ಪದವೇ ಮೇಲು. ಹೊದಿಕೆ ನೋವನ್ನು ಮುಚ್ಚೀತು, ಶಮನ ಅದನ್ನು ಇಳಿಸುತ್ತದೆ.

ಇದಕ್ಕೆ ಬುನಾದಿ ಹಾಕಿದವರು ಸಿಸಿಲಿ ಸಾಂಡರ್ಸ್. ನರ್ಸ್ ಆಗಿ, ಆಮೇಲೆ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾಗಿ ರೋಗಿಗಳನ್ನು ಕಂಡವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಕೊನೆಗಾಲದ ರೋಗಿಗಳ ಆರೈಕೆಮನೆ, ತೆರೆದರು. ಮೈಯ ನೋವು, ಮನಸ್ಸಿನ ಕಳವಳ, ಮನೆಮಂದಿಯ ಚಿಂತೆ, 'ನನಗೇ ಯಾಕೆ' ಎಂಬ ಪ್ರಶ್ನೆ, ಎಲ್ಲ ಸೇರಿದ್ದನ್ನು ಅವರು 'ಸಮಗ್ರ ನೋವು' ಎಂದರು.

ಹಾಗಾದರೆ ಇದು ಕೊನೆಗಾಲದ ಆರೈಕೆಯೇ? ಹಲವರು ಹಾಗೇ ತಿಳಿದಿದ್ದಾರೆ, ಈ ತಪ್ಪು ತಿಳಿವಳಿಕೆಗೆ ರೋಗಿಗಳು ತೆರುವ ಬೆಲೆ ದೊಡ್ಡದು. 2010ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನವನ್ನು ನೋಡಿ. ಶ್ವಾಸಕೋಶದ ಕ್ಯಾನ್ಸರ್ ದೇಹದಲ್ಲಿ ಹರಡಿದ್ದ 151 ಮಂದಿಯನ್ನು ಜೆನಿಫರ್ ಟೆಮೆಲ್ ತಂಡ ಎರಡು ಗುಂಪು ಮಾಡಿತು. ಎರಡಕ್ಕೂ ಮಾಮೂಲಿ ಕ್ಯಾನ್ಸರ್ ಚಿಕಿತ್ಸೆ, ಒಂದಕ್ಕೆ ಮಾತ್ರ ಅದರ ಜೊತೆಗೆ ಮೊದಲಿನಿಂದಲೇ ಉಪಶಮನ ಆರೈಕೆ. ಆ ಗುಂಪಿನಲ್ಲಿ ಖಿನ್ನತೆ ಕಡಿಮೆ, ಬದುಕಿನ ಗುಣಮಟ್ಟ ಹೆಚ್ಚು. ಕೊನೆಯ ದಿನಗಳಲ್ಲಿ ದೇಹ ದಣಿಸುವ ಚಿಕಿತ್ಸೆ ಪಡೆದವರೂ ಕಡಿಮೆ. ಹಾಗಿದ್ದೂ ಅವರು ಬದುಕಿದ ಮಧ್ಯಾಂಕ ಅವಧಿ (ಅರ್ಧದಷ್ಟು ಮಂದಿ ದಾಟಿದ ಅವಧಿ) 11.6 ತಿಂಗಳು, ಇನ್ನೊಂದು ಗುಂಪಿನದು 8.9.

ಹೆಸರಿಗೇ ಹೆದರುವವರೂ ಇದ್ದಾರೆ, ವೈದ್ಯರಲ್ಲೂ. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರ 2007ರಲ್ಲಿ ತನ್ನ ಉಪಶಮನ ಆರೈಕೆ ವಿಭಾಗದ ಹೆಸರನ್ನು 'ಸಪೋರ್ಟಿವ್ ಕೇರ್' ಎಂದು ಬದಲಿಸಿದ ಮೇಲೆ ಅಲ್ಲಿಗೆ ರೋಗಿಗಳನ್ನು ಕಳಿಸುವುದು ಹೆಚ್ಚಾಯಿತು. 'ಆಸರೆಯ ಆರೈಕೆ' ಎಂದರೆ ನಮ್ಮಲ್ಲೂ ಭಯ ಕಡಿಮೆಯಾದೀತು.

ಭಾರತದಲ್ಲಿ ಮನೆಮನೆಗೆ ಹೋಗಿ ಆರೈಕೆ ಮಾಡುವ ದಾರಿ ತೋರಿಸಿದ್ದು ಕೇರಳ. ಅಲ್ಲಿನ ಕಲ್ಲಿಕೋಟೆಯಲ್ಲಿ ಉಪಶಮನ ಆರೈಕೆಯ ಕೆಲಸ 1993ರಲ್ಲಿ ಆರಂಭವಾಯಿತು. ಬೆಂಗಳೂರಿನ ಕರುಣಾಶ್ರಯ ಹಾಸ್ಪಿಸ್‌ನಲ್ಲಿ ಕ್ಯಾನ್ಸರ್ ರೋಗಿಗಳಿಗೆ ಈ ಆರೈಕೆ ಉಚಿತ. ಆದರೆ ಕಡುನೋವು ಇಳಿಸುವ ಮಾರ್ಫಿನ್ ಸಿಗುವ ಹಾದಿ ಸ್ವಲ್ಪ ಸಲೀಸಾಗಲು 1985ರ ಮಾದಕ ವಸ್ತುಗಳ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬರಬೇಕಾಯಿತು.

ಈ ಆರೈಕೆಯಲ್ಲಿ ಮೊದಲ ಪ್ರಶ್ನೆ: ನೋವು ಹತ್ತರಲ್ಲಿ ಎಷ್ಟು? ನಮ್ಮ ಹಿರಿಯರು ಅಂಕಿ ಹೇಳಲು ತಡವರಿಸಬಹುದು. ಆದರೆ ಸಿಡಿತ, ಸೆಳೆತ, ಚಳುಕು, ಉರಿ, ಜುಮುಜುಮು ಎಂದು ಬಿಡಿಸಿ ಹೇಳಬಲ್ಲರು. ಅದನ್ನು ಹಾಗೇ ಡಾಕ್ಟರಿಗೆ ಹೇಳಿ. ಉರಿ, ಜುಮುಜುಮು ಎಂದರೆ ನರದ ನೋವಿರಬಹುದು, ಅದಕ್ಕೆ ಕೊಡುವ ಮಾತ್ರೆಯೇ ಬೇರೆ.