ಮುಧೋಳ ನಾಯಿಗೆ ಓಟ ಕಲಿಸಲು ಮೊಲದ ರಕ್ತ ಬೇಕೆ?

ಪ್ರಶ್ನೆ: ನಮ್ಮ ಮುಧೋಳ ಮರಿಗೆ ಐದು ತಿಂಗಳು. ರೇಸಿಗೆ ಲೂರ್ (ದಾರಕ್ಕೆ ಕಟ್ಟಿ ಎಳೆಯುವ ನಕಲಿ ಬೇಟೆ, ಸಾಮಾನ್ಯವಾಗಿ ಚಿಂದಿ) ಹಿಂದೆ ಓಡುವುದನ್ನು ಕಲಿಸಬೇಕು. ಮೊದಲು ಜೀವಂತ ಮೊಲ ಹಿಡಿಸಿ ರಕ್ತದ ರುಚಿ ಹತ್ತಿಸದಿದ್ದರೆ ನಾಯಿ ಬರೀ ಚಿಂದಿಯ ಹಿಂದೆ ಓಡುವುದಿಲ್ಲ ಅನ್ನುತ್ತಾರೆ. ನಿಜವೆ?

ಉತ್ತರ: ಸುಳ್ಳು. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಮುಧೋಳ, ಗ್ರೇಹೌಂಡ್, ಸಲೂಕಿ ಎಲ್ಲವೂ ಕಣ್ಣಿನಿಂದ ಬೇಟೆಯಾಡುವ ತಳಿಗಳು. ಅಟ್ಟಿಸುವ ಹುಚ್ಚನ್ನು ಕೆರಳಿಸುವುದು ಎದುರಿಗೆ ಸರ್ರನೆ ಸರಿಯುವ ವಸ್ತು, ನಾಲಿಗೆಯ ರುಚಿಯಲ್ಲ. ರಕ್ತವನ್ನೇ ಕಾಣದ ಎರಡು ತಿಂಗಳ ಮರಿಯೂ ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲದ ಬೆನ್ನು ಹತ್ತುತ್ತದೆ. 1919ರಲ್ಲಿ ಕ್ಯಾಲಿಫೋರ್ನಿಯಾದ ಎಮರಿವಿಲ್‌ನಲ್ಲಿ ಓವನ್ ಪ್ಯಾಟ್ರಿಕ್ ಸ್ಮಿತ್ ಯಾಂತ್ರಿಕ ಮೊಲದ ಟ್ರ್ಯಾಕ್ ತೆರೆದದ್ದೇ ಜೀವಂತ ಮೊಲವನ್ನು ಓಟದಿಂದ ತಪ್ಪಿಸಲು.

ಜೀವಂತ ಮೊಲದಿಂದ ಕೆಡುವುದೇ ಹೆಚ್ಚು. ಅದು ಗಕ್ಕನೆ ತಿರುಗುತ್ತದೆ, ನಾಯಿ ಅದೇ ವೇಗದಲ್ಲಿ ಕಲ್ಲಿಗೋ ತಂತಿಬೇಲಿಗೋ ನುಗ್ಗುತ್ತದೆ. ಒಮ್ಮೆ ಕೊಂದು ರೂಢಿಯಾದರೆ ನಾಳೆ ಪಕ್ಕದ ಮನೆಯ ಕೋಳಿ, ಮೇಕೆಮರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಮೊಲಕ್ಕೆ ರಕ್ಷಣೆ ಕೊಟ್ಟಿದೆ. ಮೋಜಿಗಾಗಿ ಪ್ರಾಣಿಯನ್ನು ಬೇಟೆಗೆ ಒಡ್ಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. 2015ರಲ್ಲಿ ಆಸ್ಟ್ರೇಲಿಯಾದಲ್ಲಿ ರೇಸ್ ನಾಯಿಗಳಿಗೆ ಜೀವಂತ ಪ್ರಾಣಿ ಒಡ್ಡಿ ಕಲಿಸುತ್ತಿದ್ದದ್ದು ಬಯಲಾದಾಗ ಹಲವು ತರಬೇತುದಾರರಿಗೆ ಆಜೀವ ನಿಷೇಧ ಬಿತ್ತು.

ಹಾಗಾದರೆ ಕೆಲವು ನಾಯಿ ಓಡದಿರುವುದೇಕೆ? ಬಹುತೇಕ ಸಲ ಅತಿಯಾಗಿ ಓಡಿಸಿರುತ್ತಾರೆ, ಇಲ್ಲವೆ ಒಮ್ಮೆಯೂ ಹಿಡಿಯಲು ಬಿಟ್ಟಿರುವುದಿಲ್ಲ.

ಐದು ತಿಂಗಳ ಮರಿಗೆ ಕೋಲಿಗೆ ಕಟ್ಟಿದ ಲೂರಿನ ಆಟ ಸಾಕು. ಐದಡಿ ಬಿದಿರುಕೋಲು, ಎಂಟಡಿ ಹುರಿ, ತುದಿಗೆ ಬಿಳಿ ಪ್ಲಾಸ್ಟಿಕ್ ಪಟ್ಟಿ. ನೆಲದ ಮೇಲೇ ಎಳೆಯಿರಿ; ಎತ್ತಿದರೆ ಮರಿ ನೆಗೆದು ಕೀಲು ತಿರುಚಿಕೊಳ್ಳುತ್ತದೆ. ಎರಡು ನಿಮಿಷ, ವಾರಕ್ಕೆ ಮೂರು ದಿನ. ಇನ್ನೂ ಬೇಕು ಅನ್ನುವಾಗಲೇ ಹಿಡಿಯಲು ಬಿಟ್ಟು ನಿಲ್ಲಿಸಿ.

ಲೂರ್ ಎಳೆಯುವ ಯಂತ್ರ ಮತ್ತು ತಿರುವಿನ ಓಟ ವರ್ಷ ತುಂಬಿದ ಮೇಲೆ. ಅದಕ್ಕೂ ಮೊದಲು ಎಲುಬಿನ ತುದಿಗಳು ಬಲಿತಿರುವುದಿಲ್ಲ. ಯಂತ್ರವೆಂದರೆ 12 ವೋಲ್ಟ್ ಕಾರ್ ಬ್ಯಾಟರಿ, ಮೋಟಾರು, ದಾರ ಸುತ್ತುವ ಗಾಲಿ, 2 ಮಿ.ಮೀ. ನೈಲಾನ್ ದಾರ. ಮೊದಲು ಬರೀ 100 ಮೀಟರ್ ನೇರ ಓಟ, ಒಂಟಿ ನಾಯಿ. ಲೂರ್ 10–15 ಮೀಟರ್ ಮುಂದಿರಲಿ. ದೂರ ಹೋದರೆ ನಾಯಿ ಕೈಬಿಡುತ್ತದೆ. ನಾಯಿ ದಾರ ದಾಟಿತೋ, ತಕ್ಷಣ ಮೋಟಾರು ನಿಲ್ಲಿಸಿ. ಓಡುವ ದಾರ ಕಾಲನ್ನು ಚಾಕುವಿನಂತೆ ಸೀಳುತ್ತದೆ. ಕೊನೆಗೆ ಹತ್ತು ಸೆಕೆಂಡು ಕಚ್ಚಿ ಒದರಲು ಬಿಡಿ. ಆಮೇಲೆ ಮಾಂಸದ ತುಂಡು ಕೊಟ್ಟು ಲೂರ್ ಬಿಡಿಸಿಕೊಳ್ಳಿ, ಬಾಯಿಂದ ಎಳೆಯಬೇಡಿ. ಒಮ್ಮೆಗೆ ಎರಡೇ ಓಟ, ವಾರಕ್ಕೆ ಎರಡೇ ದಿನ. ಪ್ರತಿ ಸಲ ಒಂದೇ ದಾರಿಯಲ್ಲಿ ಓಡಿಸಿದರೆ ಜಾಣ ನಾಯಿ ತಿರುವು ಕತ್ತರಿಸಿ ಮುಂದೆಯೇ ಕಾಯುತ್ತದೆ.

ಓಟ ಮುಗಿದ ಮೇಲೆ ಏನು ಎಂದು ಯಾರೂ ಕೇಳಿಲ್ಲ. ಹತ್ತು ನಿಮಿಷ ನಡೆಸಿ, ಹೊಟ್ಟೆ, ತೊಡೆಗೆ ನೀರು ಹಾಕಿ, ಕುಡಿಯಲು ಸ್ವಲ್ಪ ಸ್ವಲ್ಪವೇ ಕೊಡಿ. ಎರಡು ದಿನ ಮೂತ್ರದ ಬಣ್ಣ ನೋಡುತ್ತಿರಿ. ಡಿಕಾಕ್ಷನ್ನಿನಂತೆ ಕಂದಾಗಿ ಬಂದರೆ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿದೆ ಎಂದರ್ಥ. ಬೆಳಗಿನವರೆಗೆ ಕಾಯದೆ ಪಶುವೈದ್ಯರ ಬಳಿ ಒಯ್ಯಿರಿ.