ಮಿಶೆಲ್ ಒಬಾಮಾ ಚಿತ್ರದಲ್ಲಿ ಮೈಬಣ್ಣ ಬೂದು ಯಾಕೆ?

ಪ್ರಶ್ನೆ: ಏಮಿ ಶೆರಾಲ್ಡ್ ಬರೆದ ಮಿಶೆಲ್ ಒಬಾಮಾ ಭಾವಚಿತ್ರದಲ್ಲಿ ಉಡುಪಿಗೆ ಬಣ್ಣವಿದೆ, ಮುಖ ಕೈಗಳಿಗೆ ಇಲ್ಲ. ಚಿತ್ರ ಅರ್ಧಕ್ಕೇ ನಿಂತಿದೆಯೇ?

ಉತ್ತರ: ಇಲ್ಲ. ಮುಗಿದಿದೆ. ಇದನ್ನು ಎಷ್ಟನೇ ಸಲ ಬರೆಯುತ್ತಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟೆ. ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ 2018ರ ಫೆಬ್ರುವರಿ 12ರಂದು ಪರದೆ ಸರಿದಾಗಿನಿಂದ ಇದೇ ಮಾತು.

ಹೀಗೆ ಕೇಳುವವರಲ್ಲಿ ಚಿತ್ರಕಲೆ ಅಷ್ಟಿಷ್ಟು ಕಲಿತವರೇ ಹೆಚ್ಚು ಎಂಬುದು ತಮಾಷೆ. ಅವರಿಗೆ ಗ್ರಿಸಾಯ್ ಗೊತ್ತಿರುತ್ತದೆ: ಮೊದಲು ಬೂದುಬಣ್ಣದಲ್ಲೇ ಬೆಳಕು ನೆರಳು ಕೂಡಿಸಿ, ಒಣಗಿದ ಮೇಲೆ ತೆಳುವಾದ ಬಣ್ಣದ ಪದರಗಳನ್ನು ಎಳೆಯುವ ಹಳೆಯ ಯುರೋಪಿನ ಪದ್ಧತಿ. ಹಾಗಾಗಿ ಬೂದು ಕಂಡರೆ 'ಓ, ಮೇಲಿನ ಪದರ ಬಾಕಿ' ಎಂದು ತೀರ್ಮಾನ. ಒಂದೇ ಚಿತ್ರ ನೋಡಿದರೆ ಹಾಗನ್ನಿಸೀತು. ಶೆರಾಲ್ಡ್ ಅವರದೇ ಇನ್ನೊಂದನ್ನು ನೋಡಿ. 'ಮಿಸ್ ಎವೆರಿಥಿಂಗ್' ಚಿತ್ರದ ಹುಡುಗಿಗೆ ಕೆಂಪು ಹ್ಯಾಟು, ಬಿಳಿ ಚುಕ್ಕಿಯ ಕಡುನೀಲಿ ಉಡುಪು, ಬಿಳಿ ಕೈಗವಸು, ಕೈಯಲ್ಲಿ ಅಳತೆ ಮೀರಿದ ಟೀ ಕಪ್ಪು. ಮುಖ ಮಾತ್ರ ಅದೇ ಬೂದು. ಒಬಾಮಾ ಚಿತ್ರಕ್ಕಿಂತ ಮೊದಲಿನದು ಅದು. ವರ್ಷಗಟ್ಟಲೆ ಒಬ್ಬರು ಪ್ರತಿ ಚಿತ್ರದಲ್ಲೂ ಮುಖವನ್ನಷ್ಟೇ ಮರೆಯುತ್ತಾರೆಯೇ?

'ಹಾಗಾದರೆ ಚರ್ಮದ ಬಣ್ಣ ಕೂಡಿಸಲು ಬರುವುದಿಲ್ಲವೇನೋ' ಎಂಬುದು ಮುಂದಿನ ವಾದ. ಮಾಂಸಲ ಮೈಬಣ್ಣಕ್ಕೇ ಹೆಸರಾದ ಚಿತ್ರಕಾರ ಆಡ್ ನೆರ್ಡ್ರಮ್ ಬಳಿ ನಾರ್ವೆಗೆ ಹೋಗಿ ಕಲಿತು ಬಂದವರು ಈಕೆ. ಬರದೆ ಬಿಟ್ಟದ್ದಲ್ಲ, ಬೇಡವೆಂದು ಬಿಟ್ಟದ್ದು. ಆ ಬೂದನ್ನೂ ಕಪ್ಪಿಗೆ ಬಿಳಿ ಸುರಿದು ಮಾಡಿದ್ದಲ್ಲ. ಕಪ್ಪಿಗೆ ನೇಪಲ್ಸ್ ಹಳದಿ ಬೆರೆಸುತ್ತಾರೆ. ಅದಕ್ಕೇ ಅದು ಸಿಮೆಂಟಿನಂತೆ ಸತ್ತಿಲ್ಲ. ಸಂಶಯವಿದ್ದರೆ ಪ್ಯಾಲೆಟ್ಟಿನ ಮೂಲೆಯಲ್ಲಿ ಎರಡೂ ಬೂದುಗಳನ್ನು ಪಕ್ಕಪಕ್ಕ ಬಳಿದು ನೋಡಿ. ನನ್ನ ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಿದ ಮೇಲೆ ಈ ಪ್ರಶ್ನೆ ಕೇಳಿಲ್ಲ, ಅಷ್ಟು ಹೇಳಬಲ್ಲೆ.

ಯಾಕೆ ಬೇಡ? ಅಮೆರಿಕದಲ್ಲಿ ಕಪ್ಪು ಜನರ ಮುಖಕ್ಕಿಂತ ಮೊದಲು ಚರ್ಮ ಕಣ್ಣಿಗೆ ಬೀಳುತ್ತದೆ. ಬಣ್ಣ ತೆಗೆದರೆ ನೋಡುವವರು ಮುಖಕ್ಕೆ, ನೋಟಕ್ಕೆ, ನಿಂತ ಭಂಗಿಗೆ ಬರಲೇಬೇಕು. ಜೊತೆಗೆ ಹಳೆಯ ಕಪ್ಪುಬಿಳುಪು ಫೋಟೊಗಳ ನೆನಪೂ ಇದೆ. ತೈಲಚಿತ್ರದ ಗೋಡೆಗಳಲ್ಲಿ ಜಾಗ ಸಿಗದ ಮನೆತನಗಳಿಗೆ ತಮ್ಮ ಘನತೆ ತೋರಿಸಿಕೊಳ್ಳಲು ಸಿಕ್ಕಿದ್ದು ಕ್ಯಾಮೆರಾ ತಾನೆ?

ಶೆರಾಲ್ಡ್ ಬದುಕಿನ ವಿವರ ಕೇಳುವವರಿಗೆ: ಹುಟ್ಟಿದ್ದು 1973, ಜಾರ್ಜಿಯಾದ ಕೊಲಂಬಸ್. 38ರವರೆಗೂ ಹೋಟೆಲಿನಲ್ಲಿ ಊಟ ಬಡಿಸಿದರು. 2012ರಲ್ಲಿ ಹೃದಯ ಕಸಿ. 2016ರಲ್ಲಿ ಅದೇ ಪೋರ್ಟ್ರೇಟ್ ಗ್ಯಾಲರಿಯ ಔಟ್‌ವಿನ್ ಭಾವಚಿತ್ರ ಸ್ಪರ್ಧೆ ಗೆದ್ದ ಮೊದಲ ಮಹಿಳೆ. ಗೆಲ್ಲಿಸಿದ್ದು ಆ ಟೀ ಕಪ್ಪಿನ ಹುಡುಗಿ. 'ರಾತ್ರೋರಾತ್ರಿ ಪ್ರಸಿದ್ಧಿ' ಎಂದು ಬರೆಯುವವರು ಈ ಇಸವಿಗಳನ್ನು ಕೂಡಿಸಿ ನೋಡಲಿ.

ಯಾರೂ ಕೇಳದ, ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಶೆರಾಲ್ಡ್ ಎದುರಿಗಿದ್ದವರ ಫೋಟೊ ತಾವೇ ತೆಗೆದು, ಅದರಿಂದ ಚಿತ್ರ ಬರೆಯುವವರು. ಎದುರಿಗೆ ನಿಲ್ಲಲು ವ್ಯಕ್ತಿಯೇ ಇಲ್ಲದಿದ್ದರೆ? 2020ರ ಮಾರ್ಚ್‌ನಲ್ಲಿ ಲೂಯಿವಿಲ್‌ನ ಪೊಲೀಸರು ಬ್ರಿಯೊನ್ನಾ ಟೇಲರ್‌ ಎಂಬ 26ರ ಯುವತಿಯನ್ನು ಅವಳ ಮನೆಯಲ್ಲೇ ಗುಂಡಿಟ್ಟು ಕೊಂದರು. ಒಂದು ಪತ್ರಿಕೆಯ ಮುಖಪುಟಕ್ಕೆ ಅವಳ ಚಿತ್ರ ಬರೆಯಬೇಕಿತ್ತು. ಶೆರಾಲ್ಡ್ ಅವಳ ಫೋಟೊಗಳನ್ನು ಎದುರಿಗಿಟ್ಟುಕೊಂಡರು, ಅವಳದೇ ಮೈಕಟ್ಟಿನ ಇನ್ನೊಬ್ಬಳನ್ನು ನಿಲ್ಲಿಸಿಕೊಂಡರು. ಹಿನ್ನೆಲೆ ಹಸಿರುನೀಲಿ, ಉಡುಪೂ ಹಸಿರುನೀಲಿ. ಬೆರಳಲ್ಲಿ ಒಂದು ಉಂಗುರ. ಮದುವೆಯ ಮಾತೆತ್ತುವಾಗ ತೊಡಿಸಬೇಕೆಂದು ಗೆಳೆಯ ತೆಗೆದಿಟ್ಟದ್ದು ಅದು. ಅವಳು ಅದನ್ನು ನೋಡಿರಲಿಲ್ಲ.